ಸುರಂಗದ ನಾಯಿಗೆ ಬಡಿಸಿದ ಎಲೆ

ಎಲುಬು ಎದ್ದ ನಾಯಿಯನ್ನು ಕಂಡರೆ ಯಾರ ಕೈಯಾದರೂ ಮೊದಲು ಹೋಗುವುದು ಅನ್ನದ ಪಾತ್ರೆಗೆ. ಆ ಕೈಯನ್ನು ಹಿಡಿದು ನಿಲ್ಲಿಸುವುದು ನಮ್ಮ ಕೆಲಸ. ದನದ ಆಸ್ಪತ್ರೆಗೆ ಹೊಸದಾಗಿ ಸೇರಿದ ಹುಡುಗರು ನನ್ನಲ್ಲಿ ಕೇಳುವುದು ಬೇರೆ: ಕೋಡು ಬೀಸುವ ಎಮ್ಮೆಯನ್ನು ಹೇಗೆ ಕಟ್ಟುವುದು, ಒದೆಯುವ ಹೋರಿಯ ಯಾವ ಬದಿಯಲ್ಲಿ ನಿಲ್ಲುವುದು ಅಂತ. ಅದೆಲ್ಲ ಒಂದೆರಡು ಒದೆ ತಿಂದರೆ ತಾನಾಗಿ ಬರುತ್ತದೆ. ಹಸಿದು ಬಡಕಲಾದ ಪ್ರಾಣಿಗೆ ಉಣ್ಣಿಸುವ ವಿದ್ಯೆ ಹಾಗೆ ಬರುವುದಿಲ್ಲ. ಅಲ್ಲಿ ತಪ್ಪಿದರೆ ಒದೆ ಬೀಳುವುದು ನಮಗಲ್ಲ, ಸಾಯುವುದು ಪ್ರಾಣಿ.

ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟವ. ಅದರ ನಾಚಿಕೆ ನನಗಿಲ್ಲ. ಸುಳ್ಯದ ಕಡೆಯ ಒಂದು ದನದ ಆಸ್ಪತ್ರೆಯಲ್ಲಿ ಗುಡಿಸುವ, ನೀರು ಹೊರುವ ಕೆಲಸಕ್ಕೆ ಸೇರಿದೆ. ಆಮೇಲೆ ನೆಲ್ಯಾಡಿ, ಪುತ್ತೂರು, ಕಡಬ ಅಂತ ಎಲ್ಲಿಗೆ ಹಾಕಿದರೆ ಅಲ್ಲಿಗೆ ಹೋದೆ. ಸರಕಾರದ ಕಾಗದದಲ್ಲಿ ನಾನು ಅಟೆಂಡರ್, ಊರವರ ಬಾಯಲ್ಲಿ ಕಂಪೌಂಡರ್. ಊರವರ ಮಾತೇ ನನಗೆ ಹೆಚ್ಚು. ಎಪ್ಪತ್ತರ ದಶಕದಲ್ಲಿ ಗಾಜಿನ ಸಿರಿಂಜನ್ನು ಸೀಮೆಎಣ್ಣೆ ಸ್ಟವ್ವಿನ ಮೇಲೆ ಕುದಿಸಿ, ಮೊಂಡಾದ ಸೂಜಿಯನ್ನು ಕಲ್ಲಿಗೆ ಮಸೆದು, ಚೀಲ ಹೆಗಲಿಗೆ ಹಾಕಿ ಗುಡ್ಡ ಹತ್ತಿದವರು ನಾವು. ಈಗಿನವರು ಪ್ಲಾಸ್ಟಿಕ್ ಸಿರಿಂಜು ಚುಚ್ಚಿ ಎಸೆಯುತ್ತಾರೆ. ಎಸೆಯಲಿ. ಕೆಲಸ ಕದಿಯದಿದ್ದರೆ ಸಾಕು.

ಆಗ ನಮ್ಮ ಡಾಕ್ಟ್ರು ಧಾರವಾಡದ ಕಡೆಯವರು. ತುಳು ಒಂದಕ್ಷರ ಬಾರದು. ದನದ ಹಿಂದೆ ನಿಂತು ಅದರೊಂದಿಗೇ ಮಾತಾಡಿಕೊಳ್ಳುತ್ತಿದ್ದರು. "ಯಾಕವ್ವಾ, ಏನ್ ತಿಂದಿ ನೀ? ನಿನ್ನ ಮಾಲಕ ಸುಳ್ಳ ಹೇಳಾಕ್ಹತ್ಯಾನ, ನೀನರ ಖರೇ ಹೇಳು" ಅನ್ನುವರು. ಊರವರು ನಗುತ್ತಿದ್ದರು. ಆದರೆ ಅವರ ಕೈ ದೊಡ್ಡದು, ತಲೆ ಅದಕ್ಕಿಂತ ದೊಡ್ಡದು. ನನಗೆ ಗೊತ್ತಿರುವುದರಲ್ಲಿ ಮುಕ್ಕಾಲು ಪಾಲು ಅವರು ಕೊಟ್ಟದ್ದು.

ಮೊದಲ ಪಾಠ ಸಿಕ್ಕಿದ್ದು ನೆಲ್ಯಾಡಿಯಲ್ಲಿ. ಅಲ್ಲಿ ಕೇರಳದಿಂದ ಬಂದು ರಬ್ಬರ್ ತೋಟ ಮಾಡಿದ ಔಸೇಪ್ ಚೇಟನಿಗೆ ಒಂದು ಕೆಂಪು ಬೇಟೆನಾಯಿ ಇತ್ತು. ಕಾಡುಹಂದಿಗೆ ಇಟ್ಟ ಉರುಳಿಗೆ ಸಿಕ್ಕಿಬಿದ್ದು, ಎಷ್ಟೋ ದಿವಸ ಒದ್ದಾಡಿ, ಕೊನೆಗೆ ತಂತಿ ಸಮೇತ ತೆವಳಿಕೊಂಡು ಮನೆಗೆ ಬಂತು. ಮನೆಯಲ್ಲಿ ಹಬ್ಬ. ನಾನು ಅಲ್ಲಿಗೆ ಹೋಗಿ ಮುಟ್ಟುವಾಗ ನಾಯಿ ಮಾಂಸದ ಪಾತ್ರೆಯ ತಳ ನೆಕ್ಕುತ್ತಾ ಇತ್ತು, ಬದಿಯಲ್ಲಿ ಬೇಯಿಸಿದ ಮರಗೆಣಸಿನ ರಾಶಿ.

"ತಿನ್ನಲಿ ಕಂಪೌಂಡ್ರೆ, ತಿನ್ನಲಿ. ಅವ ಸತ್ತು ಬದುಕಿ ಬಂದಿದ್ದಾನೆ" ಅಂತ ಚೇಟ ಕಣ್ಣೊರೆಸಿಕೊಂಡ.

ಮರುದಿನ ನಾಯಿಯ ಕಾಲು ಸೆಟೆಯಿತು. ಸಂಜೆಗೆ ಹೋಯಿತು. ವಿಷ ಹಾಕಿದ್ದಾರೆ ಅಂತ ಚೇಟ ಪಕ್ಕದ ಮನೆಯವರ ಮೇಲೆ ಹಾರಾಡಿದ. ಡಾಕ್ಟ್ರು ಅವನನ್ನು ಕೂರಿಸಿ ಹೇಳಿದರು. "ತಿಂಗಳಾನುಗಟ್ಲೆ ಬಂದ್ ಬಿದ್ದ ಗಿರಣಿ ನೋಡೀರೇನು? ಪಟ್ಟಾ ಸಡಿಲಾಗಿರ್ತದ, ಎಣ್ಣಿ ಆರಿರ್ತದ. ಒಮ್ಮೆಲೇ ಚೀಲ ಸುರುವಿದ್ರ ಹಿಟ್ಟ ಬರೂದಿಲ್ಲ, ಗಿರಣಿನ ಮುರೀತದ. ಖಾಲಿ ಹೊಟ್ಟಿನೂ ಹಂಗ. ರಕ್ತದಾಗಿನ ಸತ್ವ ಎಲ್ಲಾ ಆ ಊಟ ಅರಗಿಸಾಕ ಓಡಿ ಹೋಗ್ತದ, ಎದಿ ಬಡಿಯೂದು ನಿಲ್ತದ. ಹಸಿವು ಕೊಲ್ಲಲಿಲ್ಲ ಇದನ್ನ, ಊಟ ಕೊಂದದ."

ಊಟ ಕೊಲ್ಲುತ್ತದೆ ಅನ್ನುವ ಮಾತು ನನ್ನ ತಲೆಯಲ್ಲಿ ಉಳಿಯಿತು. ಅದು ಉಪಯೋಗಕ್ಕೆ ಬಂದದ್ದು ನಾನೂ ಡಾಕ್ಟ್ರೂ ಪುತ್ತೂರಿಗೆ ವರ್ಗವಾದ ಮೇಲೆ, ಕೆದಂಬಾಡಿಯ ಆಚೆ, ಕೇರಳದ ಗಡಿಯ ಕಡೆಗಿನ ಒಂದು ಗೇರುಗುಡ್ಡದಲ್ಲಿ.

ಆ ಕಡೆ ಬಾವಿ ಕೆಳಕ್ಕೆ ಮಾತ್ರ ಹೋಗುವುದಲ್ಲ, ಅಡ್ಡಕ್ಕೂ ಹೋಗುತ್ತದೆ. ಗುಡ್ಡದ ಹೊಟ್ಟೆಗೆ ಒಬ್ಬ ಆಳು ಬಗ್ಗಿ ಹೋಗುವಷ್ಟು ಅಗಲದ ಮಾಟೆ ಕೊರೆದು ಒಳಗಿನ ಒಸರು ನೀರನ್ನು ಹೊರಗೆ ಹರಿಸುತ್ತಾರೆ. ಅದೇ ಸುರಂಗ. ಉದ್ದ ಹೋದ ಸುರಂಗಕ್ಕೆ ಗಾಳಿ ಬೇಕೆಂದು ಗುಡ್ಡದ ಮೇಲಿನಿಂದ ಒಂದು ಗುಂಡಿ ಇಳಿಸುತ್ತಾರೆ, ಗಾಳಿಗುಂಡಿ. ಎಂಬತ್ತರ ಆಚೆಈಚೆ ಒಂದು ಸುಗ್ಗಿ ತಿಂಗಳ ಕೊನೆಗೆ, ಏಪ್ರಿಲ್ ಬಿಸಿಲಿನಲ್ಲಿ, ದನಗಳಿಗೆ ಗಂಟಲುಬೇನೆಯ ಚುಚ್ಚುಮದ್ದು ಹಾಕುತ್ತಾ ನಾನು ಆ ಗುಡ್ಡ ಹತ್ತಿದೆ. ನಡುಮಧ್ಯಾಹ್ನ. ಕೆಂಪುಕಲ್ಲು ಕಾದು ಚಪ್ಪಲಿಯ ಒಳಗೂ ಸುಡುತ್ತಿತ್ತು. ಹಕ್ಕಿಯ ದನಿ ಸಹ ಇಲ್ಲ. ಒಂದು ಗೇರುಮರದ ಬುಡದಲ್ಲಿ ಕುಳಿತು ಚೀಲ ಇಳಿಸಿದೆ.

ಆಗ ನೆಲದ ಅಡಿಯಿಂದ ಯಾರೋ ಗಂಟಲು ಸರಿಮಾಡಿಕೊಂಡರು.

ಸುತ್ತ ನೋಡಿದೆ. ಯಾರೂ ಇಲ್ಲ. ಸ್ವಲ್ಪ ಹೊತ್ತಿನ ಮೇಲೆ ಪುನಃ ಬಂತು, ಈ ಸಲ ಉದ್ದಕ್ಕೆ. ನಿದ್ದೆಯಲ್ಲಿ ನರಳುವ ಗಂಡಸಿನ ದನಿ. ನನ್ನಿಂದ ಎರಡು ಮಾರು ದೂರದಲ್ಲಿ ಗಾಳಿಗುಂಡಿ ಇತ್ತು, ಬಾಯಿಗೆ ಮರದ ಗೆಲ್ಲು ಅಡ್ಡ ಹಾಕಿದ್ದರು. ಅಂಚಿನಲ್ಲಿ ಬಾಳೆಎಲೆಯ ಚೂರು, ಅದರ ಮೇಲೆ ನಾಲ್ಕು ಅಗುಳು ಅನ್ನ, ಇರುವೆ. ನಾನು ಏಳುವಷ್ಟರಲ್ಲಿ ಗುಡ್ಡದ ಕೆಳಗಿನಿಂದ ಒಬ್ಬಳು ಹೆಂಗಸು ಮುಚ್ಚಿದ ಬಟ್ಟಲು ಹಿಡಿದುಕೊಂಡು ಬಂದಳು. ನನ್ನನ್ನು ಕಂಡು ಅವಳಿಗೆ ಆಶ್ಚರ್ಯ ಆಗಲಿಲ್ಲ.

"ನಿಮಗೂ ಕೇಳಿತಾ?" ಅಂದಳು.

"ಎಂತದು ಅದು?"

"ನಮ್ಮ ಮನೆಯವರು."

ಬಟ್ಟಲಿನ ಅನ್ನವನ್ನು ಉಂಡೆ ಕಟ್ಟಿ ಗೆಲ್ಲುಗಳ ಸಂದಿನಿಂದ ಕೆಳಗೆ ಬಿಟ್ಟಳು. ಅದು ಬಿದ್ದ ಸದ್ದು ಕೇಳಿಸಲಿಲ್ಲ. ನರಳುವುದು ನಿಂತಿತು.

ಅವಳ ಹೆಸರು ಸೇಸಕ್ಕ. ಗಂಡ ಐತಪ್ಪ ಸುರಂಗ ಕೊರೆಯುವುದರಲ್ಲಿ ಹೆಸರಾದವ. ಆ ವರ್ಷ ಇದೇ ಸುರಂಗದೊಳಗೆ ಮಣ್ಣು ಕುಸಿದು ಸತ್ತ. ಊರವರು ಹೊರಬಾಯಿಯಿಂದ ಅಗೆದು ಹೆಣ ತೆಗೆದರು, ಸುರಂಗದ ಬಾಯಿಗೆ ಕಲ್ಲು ಮುಳ್ಳು ತುಂಬಿದರು. ಬೊಜ್ಜ, ಅಂದರೆ ಸತ್ತವರ ಊಟ, ಕ್ರಮಪ್ರಕಾರ ಆಯಿತು. ಅದರ ನಂತರ ಸತ್ತವರನ್ನು ಮನೆಯ ಹಿರಿಯರ ಜತೆ ಸೇರಿಸಲು ಬಾಗಿಲಲ್ಲಿ ನಿಂತು ಒಳಗೆ ಕರೆಯುವ ಕ್ರಮ ಉಂಟು. ಕರೆಯುವ ದಿವಸವೇ ಗುಂಡಿಯಿಂದ ದನಿ ಕೇಳಿತು. ಒಳಗೆ ಬರಬೇಕಾದವ ಗುಡ್ಡದಲ್ಲೇ ಉಳಿದಿದ್ದಾನೆ ಅಂತ ಎಲ್ಲರೂ ಹೆದರಿ ಕರೆಯುವುದನ್ನೇ ಬಿಟ್ಟರು. ಆ ದಿವಸದಿಂದ ಆ ದಾರಿಯಲ್ಲಿ ದನ ಮೇಯಿಸುವವರಿಲ್ಲ. ಇವಳೊಬ್ಬಳು ಮಾತ್ರ ಬಂದು ಅನ್ನ ಹಾಕುತ್ತಿದ್ದಳು.

ನಾನು ಗುಂಡಿಯ ಬಾಯಿಗೆ ಮುಖ ಇಟ್ಟೆ. ತಣ್ಣನೆಯ ಗಾಳಿ ಬಂತು. ಗಾಳಿಯ ಜೊತೆ ಒಂದು ವಾಸನೆ. ಈ ಮೂಗಿಗೆ ಓದು ಇಲ್ಲದಿರಬಹುದು, ಆದರೆ ನಾಯಿಯ ಮೈಯ ವಾಸನೆ ಅದಕ್ಕೆ ತಪ್ಪುವುದಿಲ್ಲ.

"ನಿಮಗೆ ನಾಯಿ ಇತ್ತಾ ಸೇಸಕ್ಕ?"

"ಇತ್ತು, ಬೊಗ್ಗ. ಅವರು ಹೋದ ದಿವಸವೇ ಅದೂ ಕಾಣದೆ ಹೋಯ್ತು. ಯಜಮಾನ ಹೋದ ಮನೆಯಲ್ಲಿ ನಾಯಿ ನಿಲ್ಲುದಿಲ್ಲ ಅಂತಾರಲ್ಲ."

"ನಿಂತದ್ದು ಅದೊಂದೇ" ಅಂದೆ.

ಹಗ್ಗಕ್ಕೆ ಐತಪ್ಪನ ಅಣ್ಣ ಮೋನಪ್ಪನ ಮನೆಗೆ ಹೋದೆವು. ಮೋನಪ್ಪಣ್ಣ ಸಹ ಸುರಂಗದ ಕೆಲಸದವ, ಎತ್ತಿನ ಕುತ್ತಿಗೆ. ವಿಷಯ ಕೇಳಿ ವೀಳ್ಯ ಉಗಿದ.

"ನಿಮ್ಮದು ದನದ ಡ್ಯೂಟಿ ಅಲ್ವಾ ಕಂಪೌಂಡ್ರೆ? ಕುಲೆಯ ಡ್ಯೂಟಿ ಯಾವಾಗ ಕೊಟ್ಟದ್ದು ಸರಕಾರ?"

ಕುಲೆ ಅಂದರೆ ನಮ್ಮಲ್ಲಿ ಸತ್ತವರ ಪ್ರೇತ.

"ಕುಲೆಯಾದರೆ ನಿಮ್ಮ ತಮ್ಮ, ನೀವು ನೋಡಿಕೊಳ್ಳಿ. ನಾಯಿಯಾದರೆ ನನ್ನದು. ಹಗ್ಗ ಹಿಡೀಲಿಕ್ಕೆ ಧೈರ್ಯ ಉಂಟಾ ಇಲ್ವಾ?"

ಧೈರ್ಯದ ಮಾತು ಬಂದ ಮೇಲೆ ಅವ ಎದ್ದ. ಮೊದಲು ಲಾಟೀನು ಹೊತ್ತಿಸಿ ಇಳಿಬಿಟ್ಟ. ಕೆಳಗೆ ಗಾಳಿ ಕೆಟ್ಟಿದ್ದರೆ ದೀಪ ಆರುತ್ತದೆ. ಆರಲಿಲ್ಲ. ನಾನು ಹಗ್ಗ ಸೊಂಟಕ್ಕೆ ಕಟ್ಟಿ, ಗುಂಡಿಯ ಗೋಡೆಯಲ್ಲಿ ಐತಪ್ಪ ಕಡಿದಿಟ್ಟ ಕಾಲುಗುಳಿಗಳಲ್ಲಿ ಬೆರಳು ಊರಿ ಇಳಿದೆ. ಮೇಲಿನ ಬಿಸಿಲು ಬಟ್ಟಲಿನಷ್ಟಾಯಿತು, ಆಮೇಲೆ ಕಣ್ಣಿನಷ್ಟು. ತಳದಲ್ಲಿ ಹಿಮ್ಮಡಿಯಷ್ಟು ನೀರು, ಮಳೆಗಾಲದ ಬಾವಿಯ ಹಾಗೆ ತಣ್ಣಗೆ.

ನಾಯಿ ಅಲ್ಲೇ ಇತ್ತು. ಬದಿಯ ಗೋಡೆಗೆ ಒರಗಿ ನಿಂತದ್ದು ಲಾಟೀನಿನ ಬೆಳಕಿಗೆ ಗೋಡೆಯ ಬೇರಿನ ಹಾಗೆ ಕಂಡಿತು. ಬೆನ್ನೆಲುಬು ಗರಗಸ, ಹೊಟ್ಟೆಯ ಜಾಗದಲ್ಲಿ ಬರೀ ನೆರಳು. ಬೊಗಳಲಿಲ್ಲ, ಹಲ್ಲು ತೋರಿಸಲಿಲ್ಲ. ನನ್ನನ್ನು ಒಮ್ಮೆ ನೋಡಿ ತಲೆ ತಿರುಗಿಸಿ ಸುರಂಗದ ಒಳಕ್ಕೆ ನೋಡಿತು, ಅಲ್ಲಿರುವವರ ಅಪ್ಪಣೆ ಕೇಳುವ ಹಾಗೆ.

ಲಾಟೀನು ಎತ್ತಿ ನಾನೂ ನೋಡಿದೆ. ಕುಸಿದ ಮಣ್ಣಿನ ಗುಡ್ಡೆ, ಅದರ ಆಚೆ ಐತಪ್ಪ ಸತ್ತ ಜಾಗ. ಅವನ ಜೊತೆ ಒಳಗೆ ಹೋದ ನಾಯಿ ಮಣ್ಣು ಕುಸಿದಾಗ ಗುಂಡಿಯ ಕಡೆ ಸಿಕ್ಕಿಬಿದ್ದಿರಬೇಕು. ಆ ಗುಡ್ಡೆಯ ಬುಡದಲ್ಲಿ ಸಾಲಾಗಿ ಅನ್ನದ ಉಂಡೆಗಳು. ಅರ್ಧರ್ಧ ಉಂಡೆ. ಹಳೆಯವು ಬೂಸಲು ಹಿಡಿದು ಕಪ್ಪಾಗಿದ್ದವು, ಮೊನ್ನೆಯವು ಬಿಳಿ. ತನ್ನ ಪಾಲು ತಿಂದು ಉಳಿದದ್ದನ್ನು ಬಾಯಲ್ಲಿ ಕಚ್ಚಿಕೊಂಡು ಹೋಗಿ ಅಲ್ಲಿ ಇಟ್ಟಿತ್ತು. ಒಂದರ ಮೇಲೂ ಹಲ್ಲಿನ ಎರಡನೇ ಗುರುತು ಇರಲಿಲ್ಲ.

ನಾನು ಹೆದರುವವನಲ್ಲ. ಆದರೂ ಆ ಉಂಡೆಗಳಿಗೆ ಬೆನ್ನು ಹಾಕಿ ನಿಲ್ಲಲು ನನಗೆ ಆಗಲಿಲ್ಲ. ಎದುರು ಮುಖ ಮಾಡಿಯೇ ನಾಯಿಯನ್ನು ಗೋಣಿಗೆ ಹಾಕಿ, ಬಿಸಿಲಿಗೆ ಕಣ್ಣು ಹೋಗದಿರಲಿ ಎಂದು ಅದರ ತಲೆಗೆ ನನ್ನ ಹೆಗಲ ಬೈರಾಸು ಸುತ್ತಿ ಹಗ್ಗ ಎಳೆದು ಸನ್ನೆ ಕೊಟ್ಟೆ. ಗೋಣಿಯಲ್ಲಿ ತೂಕವೇ ಇರಲಿಲ್ಲ. ಮೇಲೆ ಮೋನಪ್ಪಣ್ಣ "ಖಾಲಿ ಗೋಣಿ ಯಾಕೆ ಕಳಿಸಿದ್ದು ಮಾರಾಯ್ರೆ?" ಅಂತ ಕೂಗಿದ.

ಮೇಲೆ ಹತ್ತಿ ಬಂದು ಕೆಳಗೆ ಕಂಡದ್ದನ್ನು ಸೇಸಕ್ಕನಿಗೆ ಹೇಳಿದೆ. ಅವಳು ಗುಂಡಿಯ ಬಾಯಿಗೆ ಬಗ್ಗಿ ನೋಡಿದಳು. ಆಮೇಲೆ, "ಹಾಗಾದ್ರೆ ನಾನು ಹಾಕಿದ್ದರಲ್ಲಿ ಅರ್ಧ ಅವರಿಗೇ ಹೋಗಿದೆ" ಅಂದಳು. ಅಳಲಿಲ್ಲ.

ಮನೆಯಂಗಳಕ್ಕೆ ಬರುವಾಗ ಸೂರ್ಯ ಇಳಿದಿತ್ತು. ನಾನು ಚೀಲದಲ್ಲಿದ್ದ ಬಿ ವಿಟಮಿನ್ ಇಂಜೆಕ್ಷನ್ ಕೊಟ್ಟು, ಬೆರಳಿನಿಂದ ನಾಲಗೆಗೆ ನೀರು ಹನಿಸಿದೆ. ಆಚೆಈಚೆ ಮನೆಯವರೆಲ್ಲ ಬೇಲಿಯ ಹೊರಗೆ ನಿಂತಿದ್ದರು. ನಾಯಿಯನ್ನು ಜಗಲಿಗೆ ಹತ್ತಿಸಲು ಮೋನಪ್ಪಣ್ಣ ಬಿಡಲಿಲ್ಲ.

"ಅದು ಎಲ್ಲಿಂದ ಬಂದದ್ದು ಗೊತ್ತುಂಟಲ್ಲ? ಅದರ ಬೆನ್ನಿಗೆ ಯಾರು ಬಂದಿದ್ದಾರೆ ಅಂತ ನಿಮಗೆ ಕಾಣುದಿಲ್ಲ ಕಂಪೌಂಡ್ರೆ, ನಮಗೆ ಗೊತ್ತಾಗ್ತದೆ. ಕರೆಯದೆ ಒಳಗೆ ಬರಬಾರದು."

ಸೇಸಕ್ಕ ಒಳಗೆ ಹೋದಳು. ಚೆಂಬಿನಲ್ಲಿ ನೀರು ತಂದು ಹೊಸ್ತಿಲ ಬದಿಯಲ್ಲಿ ಇಟ್ಟು ನೆಟ್ಟಗೆ ನಿಂತಳು. ನಾಯಿಯನ್ನು ನೋಡಿಯೇ, ಆದರೆ ನಾಯಿಗೆ ಹೇಳುವ ದನಿಯಲ್ಲಲ್ಲ, ತುಳುವಿನಲ್ಲಿ ಕರೆದಳು. "ಹೊರಗೆ ನಿಂತದ್ದು ಸಾಕು. ಗುರುಹಿರಿಯರು ಕಾಯ್ತಾ ಇದ್ದಾರೆ. ಕಾಲು ತೊಳೆದು ಒಳಗೆ ಬನ್ನಿ."

ಬೇಲಿಯ ಹೊರಗೆ ಒಂದು ಮಗು ಅಳುತ್ತಿದ್ದದ್ದು ಸಹ ನಿಂತಿತು. ಅಷ್ಟು ಹೊತ್ತು ಏಳಲಾಗದೆ ಬಿದ್ದಿದ್ದ ನಾಯಿ ಎದ್ದಿತು. ನಡುಗುವ ಕಾಲಿನಲ್ಲಿ ಜಗಲಿ ಹತ್ತಿ, ಹೊಸ್ತಿಲು ದಾಟಿ, ನಡುಕೋಣೆಯಲ್ಲಿ ಒಂದು ಮಣೆಯ ಎದುರು ಕುಸಿದು ಕುಳಿತಿತು. ಅದು ಐತಪ್ಪ ಊಟಕ್ಕೆ ಕುಳಿತುಕೊಳ್ಳುತ್ತಿದ್ದ ಮಣೆ.

ಅಲ್ಲಿಂದ ಮುಂದೆ ನನ್ನ ಕೆಲಸ ಕಷ್ಟಕ್ಕೆ ಬಂತು. ಒಳಗೆ ಕರೆದವರಿಗೆ ತುಂಬಿದ ಎಲೆ ಬಡಿಸಲೇಬೇಕು. ಅದು ಕ್ರಮ. ಒಂದು ಮನೆಯವರು ಕೋಳಿ ತಂದರು, ಇನ್ನೊಂದು ಮನೆಯವರು ಅಕ್ಕಿ, ಮೋನಪ್ಪಣ್ಣ ಕಳ್ಳಿನ ಕುಡಿಕೆ. ತಪ್ಪಿದರೆ ಊರಿಗೇ ಕೇಡು ಎಂಬ ಹೆದರಿಕೆಯಲ್ಲಿ ಎಲ್ಲರೂ ಓಡಾಡಿದರು. ಹೊತ್ತು ಮುಳುಗುವಾಗ ಮಣೆಯ ಎದುರು ಉದ್ದದ ಬಾಳೆಎಲೆ ಹಾಸಿ, ಅದರ ಕೊಡಿಯನ್ನು, ಅಂದರೆ ತುದಿಯನ್ನು, ತೆಂಕಕ್ಕೆ ಮಾಡಿ, ಅನ್ನದ ಗುಡ್ಡೆ, ಕೋಳಿ ಪದಾರ್ಥ, ಎಲ್ಲ ಬಡಿಸಿದರು. ಬಡಿಸಿ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ನಿಲ್ಲಬೇಕು, ಒಳಗೆ ಸತ್ತವರು ಉಣ್ಣುತ್ತಾರೆ. ಆದರೆ ಈಗ ಒಳಗೆ ಉಳಿಯುವುದು ನಾಯಿ.

"ಈ ಎಲೆ ಅದರ ಹೊಟ್ಟೆಗೆ ಹೋದ್ರೆ ನಾಳೆ ಸಂಜೆಯೊಳಗೆ ನಿಮಗೆ ಇನ್ನೊಂದು ಹೆಣ" ಅಂದೆ. ನೆಲ್ಯಾಡಿಯ ಕಥೆ ಹೇಳಿದೆ. ಡಾಕ್ಟ್ರ ಗಿರಣಿಯ ಮಾತು ಹೇಳಿದೆ.

ಮೋನಪ್ಪಣ್ಣ ಒಪ್ಪಲಿಲ್ಲ. "ಹಸಿದವ ಉಂಡು ಸಾಯುದಾ? ಎಂತ ಮಾತು ಮಾರಾಯ್ರೆ ನಿಮ್ಮದು! ಉಣ್ಣದೆ ಸಾಯುದು ಕೇಳಿದ್ದೇನೆ."

ಸೇಸಕ್ಕ ನನ್ನ ಕಡೆ ತಿರುಗಿದಳು. "ನಿಮ್ಮ ಮಾತು ಸುಳ್ಳು ಅಂತ ನಾನು ಹೇಳುದಿಲ್ಲ ಅಣ್ಣ. ಆದ್ರೆ ಕರೆದು ಕೂರಿಸಿ ಅರ್ಧ ಹೊಟ್ಟೆಗೆ ಬಡಿಸುದು ಹೇಗೆ?"

ಇದಕ್ಕೆ ಡಾಕ್ಟ್ರು ಏನೂ ಹೇಳಿಕೊಟ್ಟಿರಲಿಲ್ಲ. ನಾನೇ ಒಂದು ದಾರಿ ಹೇಳಿದೆ. "ಎಲೆ ಐತಪ್ಪಣ್ಣನದ್ದಲ್ವಾ? ಬೊಗ್ಗನದ್ದಲ್ಲ. ಅವರು ಹೊಟ್ಟೆ ತುಂಬ ಉಣ್ಣಲಿ. ಬೊಗ್ಗನನ್ನು ನಾನು ತೊಡೆಯ ಮೇಲೆ ಹಿಡಿದುಕೊಂಡು ಕೂತುಕೊಳ್ತೇನೆ. ಬಾಗಿಲು ಮುಚ್ಚಿ."

"ಒಳಗೆ ನಿಮಗೆ ಎಂತಾದ್ರೂ ಆದ್ರೆ ಸರಕಾರಕ್ಕೆ ಉತ್ತರ ಹೇಳುದು ನಾನಾ?" ಅಂದ ಮೋನಪ್ಪಣ್ಣ.

"ಹೋರಿ ಒದ್ದಾಗ ಆಗದ್ದು ನಿಮ್ಮ ತಮ್ಮನಿಂದ ಆಗುದಿಲ್ಲ."

ಸೇಸಕ್ಕ ಹೂಂ ಅಂದಳು. ಬಾಗಿಲು ಮುಚ್ಚಿತು.

ಕೋಣೆಯಲ್ಲಿ ಒಂದು ಸಣ್ಣ ದೀಪ. ಮಣೆ, ಮಣೆಯ ಎದುರು ಎಲೆ, ಎಲೆಯ ಈಚೆ ನಾನು, ನನ್ನ ತೊಡೆಯ ಮೇಲೆ ನಾಯಿ. ಬಿಸಿ ಕೋಳಿಯ ಪರಿಮಳಕ್ಕೆ ನನ್ನದೇ ಬಾಯಲ್ಲಿ ನೀರು. ನಾಯಿ ಹಾರುತ್ತದೆ, ಕಚ್ಚುತ್ತದೆ ಅಂತ ಕುತ್ತಿಗೆಗೆ ಬಿಗಿಯಾಗಿ ಕೈ ಹಾಕಿದ್ದೆ. ಅದು ಹಾರಲಿಲ್ಲ. ಮೂಗಿನ ಹೊಳ್ಳೆ ಆಡಿತು, ಅಷ್ಟೇ. ಆಮೇಲೆ ತಲೆ ಎತ್ತಿತು. ಎಲೆಯನ್ನು ನೋಡಲಿಲ್ಲ. ಎಲೆಯಿಂದ ಮೇಲೆ, ಮಣೆಯ ಮೇಲೆ ಕುಳಿತ ಗಂಡಸಿನ ಮುಖ ಎಷ್ಟು ಎತ್ತರಕ್ಕೆ ಇರುತ್ತದೋ ಅಷ್ಟು ಎತ್ತರಕ್ಕೆ ನೋಡಿತು. ಅಲ್ಲಿ ಏನೂ ಇರಲಿಲ್ಲ, ಮಣ್ಣಿನ ಗೋಡೆ. ನನ್ನ ಮೊಣಕಾಲಿಗೆ ಏನೋ ತಾಗಿತು. ಕೂದಲು ಉದುರಿದ ಅದರ ಬಾಲ. ಮೆಲ್ಲಗೆ, ಪುನಃ ಪುನಃ, ಬಾಲ ಆಡಿಸುತ್ತಿತ್ತು.

ಕಣ್ಣು ಮುಚ್ಚಬೇಕು ಅಂತ ಬಹಳ ಇತ್ತು. ಮುಚ್ಚಲಿಲ್ಲ, ಮುಚ್ಚಿದರೆ ಕೈ ಸಡಿಲಾದೀತು ಎಂದು. ನಾಯಿಯ ಕಣ್ಣು ಮುಖದ ಎತ್ತರದಿಂದ ಎಲೆಗೆ ಇಳಿಯಿತು, ಎಲೆಯಿಂದ ಪುನಃ ಮುಖಕ್ಕೆ ಹತ್ತಿತು. ಉಣ್ಣುವವರ ಎದುರು ಕುಳಿತ ಯಾವ ನಾಯಿಯಾದರೂ ಹಾಗೆಯೇ ನೋಡುವುದು, ಕೈ ಎಲ್ಲಿಗೆ ಹೋಗುತ್ತದೋ ಕಣ್ಣು ಅಲ್ಲಿಗೆ. ಬಹಳ ಹೊತ್ತಿನ ಮೇಲೆ ಬಾಲ ನಿಂತಿತು. ನಾಯಿ ದೊಡ್ಡದೊಂದು ಉಸಿರು ಬಿಟ್ಟು ನನ್ನ ತೊಡೆಯ ಮೇಲೆ ತಲೆ ಇಟ್ಟು ಮಲಗಿತು.

ಹೊರಗೆ ಕೆಮ್ಮಿ, ಬಾಗಿಲು ತೆರೆದರು. ಮೋನಪ್ಪಣ್ಣ ದೀಪ ಹಿಡಿದು ಎಲೆಗೆ ಬಗ್ಗಿದ. ಅನ್ನದ ಗುಡ್ಡೆಯ ನೆತ್ತಿಯಲ್ಲಿ, ಐದು ಬೆರಳು ಕೂಡಿಸಿ ಒತ್ತಿದಷ್ಟು ಅಗಲಕ್ಕೆ ಒಂದು ಗುಳಿ.

"ಕೈ ತೋರಿಸಿ ಕಂಪೌಂಡ್ರೆ."

ತೋರಿಸಿದೆ. ಎರಡೂ ಕೈಯನ್ನು ಅವ ಮೂಸಿ ನೋಡಿದ. ನಾಯಿಯ ವಾಸನೆ ಬಿಟ್ಟರೆ ಬೇರೆ ಇರಲಿಲ್ಲ. ಅವ ಎರಡು ಹೆಜ್ಜೆ ಹಿಂದೆ ಸರಿದ. ಸೇಸಕ್ಕ ಎಲೆಯ ಎದುರು ಅಡ್ಡ ಬಿದ್ದು ಎದ್ದಳು.

"ಅವರು ಉಂಡರು. ಇನ್ನು ಬೊಗ್ಗನಿಗೆ ಎಂತ ಕೊಡ್ಬೇಕು ಅಣ್ಣ, ನೀವು ಹೇಳಿದ ಹಾಗೆ."

ಅವತ್ತು ಕೊಟ್ಟದ್ದು ಬೇಯಿಸಿದ ಮೊಟ್ಟೆಯ ಒಂದು ಚೂರು, ಅಡಿಕೆ ಹೋಳಿನಷ್ಟು.

ಮರುದಿನವೇ ಪುತ್ತೂರಿಗೆ ಹೋಗಿ ಡಾಕ್ಟ್ರಿಗೆ ಎಲ್ಲ ಹೇಳಿದೆ. ಅವರು ನಕ್ಕರು. "ಏನಪಾ, ದೆವ್ವದ ಪಂಕ್ತಿಯೊಳಗ ಕುಂತು ಬಂದೀಯಂತ! ಊಟಾ ಛಲೋ ಇತ್ತೇನು?" ಆಮೇಲೆ ಗಂಭೀರವಾದರು. ಅತಿಯಾಗಿ ಬಡಕಲಾದ ಪ್ರಾಣಿಗೆ ಹಸಿವೇ ಸತ್ತಿರುತ್ತದೆ, ಅದಕ್ಕೇ ಹಾರಲಿಲ್ಲ ಅಂದರು. ಬಿಸಿ ಅನ್ನ ಆರುವಾಗ ತಾನಾಗಿ ಕುಸಿಯುತ್ತದೆ ಅಂದರು. ಉಳಿದ ಊಟವನ್ನು ಹೂತಿಡುವುದು ನಾಯಿಯ ಜಾತಿಗುಣ ಅಂದರು. ಎಲ್ಲ ಸರಿ. "ಬಾಲ ಯಾಕೆ ಆಡಿಸಿದ್ದು ಸಾರ್?" ಅಂತ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿದರು.

ಹೇಗೆ ಉಣ್ಣಿಸುವುದೆಂದು ಮಾತ್ರ ಚೆನ್ನಾಗಿ ಹೇಳಿಕೊಟ್ಟರು. ಹುಡುಗರೇ, ಇದನ್ನು ನೆನಪಿಡಿ. ಬಡಕಲು ನಾಯಿಗೆ ಮೊದಮೊದಲು ಅನ್ನ ಹೆಚ್ಚು ಬೇಡ. ಅನ್ನ, ಗಂಜಿ, ಬೆಲ್ಲ ಇವೇ ಒಮ್ಮೆಲೇ ರಕ್ತವನ್ನು ಏರುಪೇರು ಮಾಡುವುದು. ಮೊಟ್ಟೆ, ಉಪ್ಪು ಖಾರ ಹಾಕದೆ ಬೇಯಿಸಿ ಮುಳ್ಳು ತೆಗೆದ ಬೂತಾಯಿ ಮೀನು, ಇವು ಒಳ್ಳೆಯದು. ಅದೂ ಒಂದು ಹಿಡಿಗಿಂತ ಕಡಿಮೆ, ದಿವಸಕ್ಕೆ ಹಲವು ಸಲ. ಮಲ ಗಟ್ಟಿಯಾಗುವವರೆಗೆ ಹೆಚ್ಚಿಸಬೇಡಿ. ಬಂದ ದಿವಸವೇ ಹುಳದ ಮದ್ದು ಕುಡಿಸಬ್ಯಾಡ, ಹುಳ ಸಾಯೂಕಿಂತ ಮೊದಲ ನಾಯಿ ಸಾಯ್ತದ ಅನ್ನುತ್ತಿದ್ದರು ಡಾಕ್ಟ್ರು. ಸ್ನಾನ ಬೇಡ. ಮೈಗೆ ಕಚ್ಚಿದ ಉಣುಗನ್ನು ಕೈಯಲ್ಲೇ ಹೆಕ್ಕಿ. ಪಾಪ ಅನ್ನಿಸಿದಾಗ ಎದ್ದು ಹೊರಗೆ ಹೋಗಿ, ಪಾತ್ರೆ ಮುಟ್ಟಬೇಡಿ.

ಸೇಸಕ್ಕ ಹೇಳಿದ್ದನ್ನು ಹೇಳಿದ ಹಾಗೆ ಮಾಡಿದಳು. ಆದರೆ ಅಲ್ಲಿಯೂ ಒಂದು ವಿಚಿತ್ರ. ಬೊಗ್ಗ ತನಗೆ ಹಾಕಿದ ತುತ್ತಿನಲ್ಲಿ ಅರ್ಧ ತಿಂದು ಅರ್ಧವನ್ನು ಕಚ್ಚಿಕೊಂಡು ಹೋಗಿ ಮಣೆಯ ಎದುರು ಇಡುತ್ತಿತ್ತು. ಎಬ್ಬಿಸಿದರೂ ಏಳದ ನಾಯಿ ಅಷ್ಟಕ್ಕೆ ಮಾತ್ರ ಎದ್ದು ಹೋಗುತ್ತಿತ್ತು. ಅವಳು ಅದನ್ನು ಹೆಕ್ಕದೆ ಬಿಡುತ್ತಿದ್ದಳು.

ಒಂದು ದಿವಸ ಹೋಗುವಾಗ ನಾಯಿಯ ನಾಲ್ಕೂ ಕಾಲಿಗೆ ನೀರು ತುಂಬಿ ಕಂಬದ ಹಾಗೆ ಊದಿತ್ತು. ಕತ್ತು ಎತ್ತುವುದಿಲ್ಲ. ಒಸಡು ಬಿಳಚಿ ಸುಣ್ಣ. ಅಂಗಳದಲ್ಲಿ ಮೋನಪ್ಪಣ್ಣ ಎಲೆಯಲ್ಲಿ ಸುತ್ತಿದ ಕೋಳಿ ಹಿಡಿದು ಕೂಗಾಡುತ್ತಿದ್ದ.

"ನೋಡಿ, ಹಸಿವಿನಲ್ಲಿ ಕೊಂದಿರಿ! ಸರಕಾರದ ಲೆಕ್ಕದಲ್ಲಿ ಊಟ ಹಾಕುದಂತೆ. ಸೇಸು, ಬಾಗಿಲು ಬಿಡು, ಇವತ್ತಾದ್ರೂ ಅದು ಹೊಟ್ಟೆ ತುಂಬ ತಿಂದು ಸಾಯ್ಲಿ."

ನಿಜ ಹೇಳಬೇಕೆಂದರೆ ಆ ಹೊತ್ತು ನನಗೂ ಅದು ಉಳಿಯುತ್ತದೆ ಅನ್ನಿಸಲಿಲ್ಲ. ಸಾಯುವ ಪ್ರಾಣಿಯ ಲಕ್ಷಣ ನನಗೆ ಗೊತ್ತಿತ್ತು. ಸೇಸಕ್ಕ ಬಾಗಿಲಿಗೆ ಅಡ್ಡ ಕೈ ಇಟ್ಟಳು.

"ಬಾವ, ನಿಮ್ಮ ತಮ್ಮನಿಗೆ ಬಡಿಸಿ ಆಗಿದೆ. ಇದು ನಾಯಿ. ಇದು ಬದುಕ್ಬೇಕು ನನಗೆ. ಆ ಕೋಳಿ ನೀವೇ ತಿನ್ನಿ."

ಗಂಡನ ಅಣ್ಣನಿಗೆ ಆ ಕಾಲದಲ್ಲಿ ಹಾಗೆ ಹೇಳಿದ ಹೆಂಗಸನ್ನು ನಾನು ಬೇರೆ ಕಂಡಿಲ್ಲ. ಅವ ಕೋಳಿಯ ಕಟ್ಟನ್ನು ಜಗಲಿಯಲ್ಲೇ ಬಿಟ್ಟು ಹೋದ. ನಾನು ಬಸ್ಸಿಗೆ ಓಡಿ ಡಾಕ್ಟ್ರನ್ನೇ ಜೀಪಿನಲ್ಲಿ ಕರೆದುಕೊಂಡು ಬಂದೆ. ಅವರು ಎದೆಗೆ ಕಿವಿಕೊಟ್ಟು, ಸೂಜಿ ಕೊಟ್ಟು, "ಇನ್ನೂ ಕಡಿಮಿ ಮಾಡ್ರಿ. ಮೊಟ್ಟಿ ಅಷ್ಟ. ಗಿರಣಿ ಈಗ ತಿರಗಾಕ ಹತ್ತೇತಿ, ಗಡಬಡಿಸಬ್ಯಾಡ್ರಿ" ಅಂದರು. ಸೇಸಕ್ಕನಿಗೆ ಅವರ ಮಾತು ಅರ್ಥವಾಗದಿದ್ದರೂ ಬೆರಳಿನಲ್ಲಿ ತೋರಿಸಿದ ಅಳತೆ ಅರ್ಥವಾಯಿತು.

ಊತ ಮೆಲ್ಲನೆ ಇಳಿಯಿತು. ಬೊಗ್ಗ ಎದ್ದು ನಿಂತಿತು. ಊಟ ಸ್ವಲ್ಪ ಸ್ವಲ್ಪವೇ ಹೆಚ್ಚಿಸಿದೆವು, ಅನ್ನ ಬೆರೆಸಿದೆವು, ಹುಳದ ಮದ್ದು ಆಮೇಲೆ ಕೊಟ್ಟೆವು. ಗೇರುಬೀಜ ಕೊಳ್ಳಲು ಬರುವ ಸಾಹೇಬರ ತೂಕದ ಕೊಕ್ಕೆಗೆ ಗೋಣಿಯಲ್ಲಿ ಹಾಕಿ ತೂಗಿದರೆ ಭಾರ ಹೆಚ್ಚಿ ಮುಳ್ಳು ಪ್ರತಿ ಸಲವೂ ಒಂದಿಷ್ಟು ಕೆಳಗೆ ಇಳಿಯುತ್ತಿತ್ತು. "ನಾಯಿಗೆ ರೇಟು ಎಷ್ಟು ಕಂಪೌಂಡ್ರೆ?" ಅಂತ ಸಾಹೇಬರ ತಮಾಷೆ. ಆದರೆ ನಾನು ನಂಬಿದ್ದು ಆ ಮುಳ್ಳನ್ನಲ್ಲ. ಮಣೆಯ ಎದುರು ಇಡುವ ಪಾಲು ಸಣ್ಣದಾಗುತ್ತಾ ಬಂತು. ಅರ್ಧದಿಂದ ಕಾಲಾಯಿತು, ಕಾಲಿನಿಂದ ಒಂದು ಅಗುಳಾಯಿತು. ಒಂದು ದಿವಸ ಬೊಗ್ಗ ಬಟ್ಟಲನ್ನೆಲ್ಲ ನೆಕ್ಕಿ, ಮಣೆಯ ಕಡೆ ನೋಡದೆ, ಅಂಗಳಕ್ಕೆ ಹೋಗಿ ಬಿಸಿಲಿಗೆ ಮಲಗಿತು. ಅವತ್ತು ನನಗೆ ಅದು ಬದುಕಿತು ಅಂತ ಖಾತ್ರಿಯಾಯಿತು.

ಕೊನೆಯ ಸಲ ನಾನು ಹೋದದ್ದು ಪತ್ತನಾಜೆ ಕಳೆದ ಮೇಲೆ. ಭೂತಗಳು ಗೆಜ್ಜೆ ಬಿಚ್ಚಿ ಮಳೆಗಾಲಕ್ಕೆ ವಿಶ್ರಾಂತಿಗೆ ಹೋಗುವ ದಿವಸ ಅದು. ನನಗೆ ಕಡಬಕ್ಕೆ ವರ್ಗವಾಗಿತ್ತು, ಹೇಳಿ ಹೋಗೋಣ ಅಂತ ಗುಡ್ಡ ಹತ್ತಿದೆ. ಮೋಡ ಕಟ್ಟಿದ ಮಧ್ಯಾಹ್ನ. ಬೇಲಿಯ ತಡಮೆ ದಾಟುವಾಗಲೇ ಬೊಗ್ಗ ಜಗಲಿಯಿಂದ ಹಾರಿ ಬಂದು ಬೊಗಳಿತು. ಮೈ ತುಂಬಿ ಮಿರಮಿರ ಹೊಳೆಯುತ್ತಿತ್ತು, ಪಕ್ಕೆಲುಬು ಹುಡುಕಿದರೂ ಸಿಗದು. ನನಗೆ ಹೆಮ್ಮೆಯಾಯಿತು, ಸುಳ್ಳು ಯಾಕೆ.

"ಏಯ್, ಅಣ್ಣನ ಗುರ್ತ ಸಿಗುದಿಲ್ವಾ ನಿನಗೆ? ಉಪಕಾರ ಮರೆತವನೇ!" ಅಂತ ಸೇಸಕ್ಕ ಒಳಗಿನಿಂದ ಬೈಯುತ್ತಾ ಬಂದಳು. ಜಗಲಿಗೆ ಬಂದವಳು ಅಲ್ಲೇ ನಿಂತಳು.

ಬೊಗ್ಗ ಬೊಗಳುತ್ತಿದ್ದದ್ದು ನನಗಲ್ಲ. ನನ್ನ ಎಡಗಡೆಗೆ, ಒಬ್ಬ ಆಳು ನಿಲ್ಲುವಷ್ಟು ಜಾಗ ಬಿಟ್ಟು, ಮುಖ ಎತ್ತಿ ಬೊಗಳುತ್ತಿತ್ತು. ನಾನು ಆ ಕಡೆ ತಿರುಗಲಿಲ್ಲ. ಸೇಸಕ್ಕ ಮಾತ್ರ ಅಲ್ಲಿಗೇ ನೋಡಿದಳು. ಹೆದರಿದ ಹಾಗೆ ಕಾಣಲಿಲ್ಲ. ಅಡುಗೆ ಆಗುವ ಮೊದಲೇ ಬಂದುಬಿಟ್ಟ ನೆಂಟರಲ್ಲಿ ಮಾತಾಡುವ ಹಾಗೆ, ಸೆರಗಿಗೆ ಕೈ ಒರೆಸಿಕೊಳ್ಳುತ್ತಾ ಹೇಳಿದಳು.

"ಈಗ ಎಂತಕ್ಕೆ ಬಂದದ್ದು? ಇಲ್ಲಿ ಎಲ್ಲರದ್ದೂ ಊಟ ಆಗ್ತಾ ಉಂಟು, ನೀವು ಚಿಂತೆ ಮಾಡ್ಬೇಡಿ. ಆಟಿ ತಿಂಗಳಲ್ಲಿ ಹಿರಿಯರಿಗೆಲ್ಲ ಬಡಿಸುವ ದಿವಸ ಬನ್ನಿ, ನಿಮಗೂ ಬಡಿಸ್ತೇನೆ. ಈಗ ಹೋಗಿ."

ಬೊಗ್ಗ ಇನ್ನೊಮ್ಮೆ ಬೊಗಳಿ, ಬಾಲ ಆಡಿಸಿ, ಹೋಗಿ ಜಗಲಿಯಲ್ಲಿ ಮಲಗಿತು. ಸೇಸಕ್ಕ ಕಾಲು ತೊಳೆಯಲು ನನಗೆ ಚೆಂಬು ನೀರು ಕೊಟ್ಟು, ಬೆಲ್ಲ ತರಲು ಒಳಗೆ ಹೋದಳು.